ಅಕ್ಕನ ಪಕ್ಕದ ಸೀಟು

ಅಕ್ಕ ನನ್ನನ್ನು ಬಿಟ್ಟು ಸಿನಿಮಾ ನೋಡಿದ ಸಂಗತಿ ನನಗೆ ಗೊತ್ತಾದದ್ದು ಅವಳ ಸೊಸೆಯ ವಾಟ್ಸಾಪ್ ಸ್ಟೇಟಸ್ಸಿನಿಂದ. ಚಾಮರಾಜನಗರದ ನಮ್ಮ ಕಚೇರಿಯಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಫೋಟೋದಲ್ಲಿ ಅತ್ತೆ ಸೊಸೆ ಇಬ್ಬರೂ ಮೈಸೂರಿನ ಯಾವುದೋ ಮಾಲ್‌ನಲ್ಲಿ ಒತ್ತಿಕೊಂಡು ನಿಂತಿದ್ದರು. ಅಕ್ಕನ ಕಣ್ಣಿಗೆ ತ್ರೀಡಿ ಕನ್ನಡಕ, ಕೈಯಲ್ಲಿ ಪಾಪ್‌ಕಾರ್ನಿನ ದೊಡ್ಡ ಡಬ್ಬ, ಮುಡಿಯಲ್ಲಿ ಕನಕಾಂಬರ. ಅವರ ಹಿಂದೆ ಮೈಯೆಲ್ಲ ಮಸಿ ಬಳಿದುಕೊಂಡ ಹೀರೋನ ಚಿತ್ರ ಗೋಡೆಯಷ್ಟಗಲ ಇತ್ತು. ಅನ್ನಕ್ಕೆ ಸಾರು ಕಲಸಿಯಾಗಿತ್ತು. ಹಾಗೇ ಡಬ್ಬಿ ಮುಚ್ಚಿಟ್ಟೆ.

ಇಷ್ಟಕ್ಕೆಲ್ಲ ಯಾರಾದರೂ ಹೀಗೆ ಉರಿದುಕೊಳ್ಳುತ್ತಾರೆಯೇ ಎಂದು ಕೇಳಬಹುದು. ನಮ್ಮಿಬ್ಬರ ಸಿನಿಮಾ ಹುಚ್ಚು ಎಂಥದ್ದು ಎಂದು ತಿಳಿದವರು ಕೇಳಲಾರರು.

ನಾವು ಚಂದಕವಾಡಿಯವರು. ಅಪ್ಪನಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಆದರೆ ಅಕ್ಕನ ಹಟದ ಮುಂದೆ ಅವನ ಆಟ ನಡೆಯುತ್ತಿರಲಿಲ್ಲ. "ತಂಗಿನ ಜೊತ್ಗೆ ಕರ್ಕೊಂಡು ಓಗು, ಕತ್ಲಾಗೋದ್ರೊಳ್ಗೆ ಬಂದ್ಬುಡಿ" ಅನ್ನುತ್ತಿದ್ದ. ನಾನು ಜೊತೆಗೆ ಹೋಗುವ ಕಾವಲು. ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು, ಹೆಂಗಸರ ಸಾಲಿನಲ್ಲಿ ನೂಕಾಡಿ, ಟಿಕೆಟ್ಟು ಹಿಡಿದು ಅಕ್ಕ ಹೊರಗೆ ಬರುವಾಗ ಅವಳ ಬಳೆ ಒಂದೆರಡಾದರೂ ಒಡೆದಿರುತ್ತಿದ್ದವು. ಒಳಗೆ ಹೋದ ಮೇಲೆ ಅವಳ ಪಕ್ಕದ ಸೀಟು ನನ್ನದು. ದುಃಖದ ಸೀನು ಬರುವ ಮೊದಲೇ ಅವಳಿಗೆ ಗೊತ್ತಾಗಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

ಮದುವೆಯಾದ ಮೇಲೂ ಅದು ತಪ್ಪಲಿಲ್ಲ. ನಾನು ಚಾಮರಾಜನಗರಕ್ಕೆ ಸೊಸೆಯಾಗಿ ಬಂದೆ, ಸರ್ಕಾರಿ ಕೆಲಸವೂ ಸಿಕ್ಕಿತು. ಅವಳನ್ನು ಗುಂಡ್ಲುಪೇಟೆಗೆ ಕೊಟ್ಟರು. ಭಾವನದು ಈರುಳ್ಳಿ ಮಂಡಿ. ಮಂಡಿಯ ಹಿಂದೆಯೇ ಮನೆ. ಕೇರಳಕ್ಕೆ ಹೋಗುವ ಲಾರಿಗಳು ಬಾಗಿಲಲ್ಲೇ ಮುಂದೆ ಹಿಂದೆ ಮಾಡುತ್ತಿರುತ್ತವೆ. ಒಂದು ಸಿನಿಮಾಕ್ಕೆ ಅವಳು ಇಲ್ಲಿಗೆ ಬಂದರೆ ಮುಂದಿನದಕ್ಕೆ ನಾನು ಅಲ್ಲಿಗೆ. ತೆರಕಣಾಂಬಿ ಮೇಲೆ ಹೋಗುವ ಬಸ್ಸಿನ ಕಂಡಕ್ಟರುಗಳಿಗೆಲ್ಲ ನಾವು ಗುರುತು. ನನ್ನ ಗಂಡನಿಗೆ ಥಿಯೇಟರಿನೊಳಗೆ ಕೂತರೆ ನಿದ್ದೆ, ಭಾವನಿಗೆ ಮಂಡಿ ಬಿಟ್ಟರೆ ಲೋಕವಿಲ್ಲ. ಆದ್ದರಿಂದ ಅಕ್ಕನ ಪಕ್ಕದ ಸೀಟಿಗೆ ನನಗೆ ಯಾರೂ ಪೈಪೋಟಿ ಇರಲಿಲ್ಲ.

ಆಮೇಲೆ ಅವಳ ಮಗನಿಗೆ ಮದುವೆಯಾಯಿತು. ಹುಡುಗಿ ತಮಿಳುನಾಡಿಗೆ ಸೇರಿದ ತಾಳವಾಡಿಯವಳು. ಮನೆಯಲ್ಲಿ ಕನ್ನಡ, ಓದಿದ್ದು ತಮಿಳು. ಗುಂಡ್ಲುಪೇಟೆಯಲ್ಲೇ ಒಂದು ಸಣ್ಣ ಬ್ಯೂಟಿ ಪಾರ್ಲರ್ ಇಟ್ಟುಕೊಂಡಳು. ಚುರುಕು, ನಗುಮುಖ, ಬಂದವರಿಗೆಲ್ಲ ಕಾಫಿ. ಬೆರಳಿಟ್ಟು ತೋರಿಸಲು ಒಂದು ದೋಷವೂ ಸಿಗದ ಹುಡುಗಿ. ಅಂಥವರ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಬಹಳ ಕಷ್ಟದ ಕೆಲಸ.

ಸಿನಿಮಾಗಳು ದೊಡ್ಡದಾಗತೊಡಗಿದ್ದೂ ಈ ಹುಡುಗಿ ಮನೆಗೆ ಬಂದದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಎಲ್ಲ ಭಾಷೆಯಲ್ಲೂ ಒಟ್ಟಿಗೆ ಬಿಡುಗಡೆ, ಕೋಟಿ ಕೋಟಿ ಖರ್ಚು, ಟೀಸರು ಬಂದ ದಿನವೇ ಪಟಾಕಿ. ಮೊದಮೊದಲು ನಾನೂ ಆಸೆಯಿಂದಲೇ ಹೋದೆ. ಒಂದಾದ ಮೇಲೊಂದು ನೋಡಿ ಸೋತೆ. ಪರದೆಯ ಮೇಲೆ ಯಾವಾಗಲೂ ಕತ್ತಲು, ಹೊಗೆ, ದೂಳು. ಹೀರೋ ಒಂದು ಬಾಗಿಲು ದಾಟುವಷ್ಟರಲ್ಲಿ ನಾನು ಒಂದು ಸೇರು ಅವರೆಕಾಯಿ ಬಿಡಿಸಬಹುದು, ಅಷ್ಟು ನಿಧಾನ. ಹೀರೋಯಿನ್ನು ಒಂದು ಹಾಡಿಗೆ ಬಂದು ಹೋದರೆ ಮುಗಿಯಿತು. ತಾಯಿ ಇದ್ದರೆ ಸಾಯುವುದಕ್ಕೇ ಇರುತ್ತಾಳೆ. ಯಾರೂ ಊಟ ಮಾಡುವುದಿಲ್ಲ, ಯಾರೂ ಬಸ್ಸಿಗೆ ಕಾಯುವುದಿಲ್ಲ, ಯಾರಿಗೂ ನೆಗಡಿಯಾಗುವುದಿಲ್ಲ. ಮಾತು ಎಂದರೆ ಕೂಗು. ಕೂಗಿನ ಮೇಲೆ ಡೋಲು, ಡೋಲಿನ ಮೇಲೆ ಇನ್ನೊಂದು ಡೋಲು. ಹೊರಗೆ ಬಂದ ಮೇಲೆ ಮಾತಾಡಿಕೊಳ್ಳುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ. ಹಿಂದೆಲ್ಲ ನಾವು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಚುರುಮುರಿ ತಿನ್ನುತ್ತಾ, ಅವಳು ಇವನನ್ನೇ ಯಾಕೆ ಕಟ್ಟಿಕೊಳ್ಳಬೇಕಿತ್ತು, ಆ ಅತ್ತೆಗೆ ಬುದ್ಧಿ ಬರಬೇಡವೇ ಎಂದು ಬಸ್ಸು ಬಿಟ್ಟುಹೋದರೂ ವಾದ ಮಾಡುತ್ತಿದ್ದೆವು.

ಇದನ್ನೆಲ್ಲ ನಾನು ಸಿನಿಮಾ ನಡೆಯುವಾಗಲೇ ಅಕ್ಕನಿಗೆ ಹೇಳುತ್ತಿದ್ದೆ. "ಒಸಿ ಸುಮ್ಕಿರಮ್ಮಿ" ಎಂದು ಗದರುತ್ತಿದ್ದಳು. ಕೊನೆಯ ಸಲ ಹಾಗೆ ಗದರಿದ ಮೇಲೆ ಬಂದ ಸಿನಿಮಾವೇ ಅವಳು ಮೈಸೂರಿನಲ್ಲಿ ನನ್ನನ್ನು ಬಿಟ್ಟು ನೋಡಿದ್ದು.

ಸ್ಟೇಟಸ್ ನೋಡಿದ ಸಂಜೆಯೇ ಫೋನ್ ಮಾಡಿದೆ. ಅವಳು ಯಾವಾಗಲೂ ಸ್ಪೀಕರಿನಲ್ಲಿಟ್ಟು ಕೂಗಿ ಮಾತಾಡುವವಳು.

"ನನ್ನ ಬುಟ್ಬುಟ್ಟು ಓಗ್ಬುಟ್ಯಲ್ಲಕ್ಕಾ" ಅಂದೆ.

"ನೀನು ಬೈತೀಯಲ್ಲಮ್ಮಿ. ನಾನು ನೋಡಾಕೆ ಓಗದು, ಬೈಗುಳ ಕೇಳಾಕಲ್ಲ."

"ನಿನ್ನ ಸೊಸೆ ಬೈಯಕ್ಕಿಲ್ವೋ?"

"ಅವ್ಳು ಸಿಳ್ಳೆ ಹೊಡೀತಳೆ ಕಣಮ್ಮಿ!" ಎಂದು ಅಕ್ಕ ಕಿಲಕಿಲ ನಕ್ಕಳು. ಹಿಂದಿನಿಂದ ಆ ಹುಡುಗಿಯೂ ನಕ್ಕದ್ದು ಕೇಳಿಸಿತು.

ಅವತ್ತಿನಿಂದ ಶುರುವಾದ ಉರಿ ನನ್ನನ್ನು ಬಿಡಲಿಲ್ಲ. ಹೊಸ ಸಿನಿಮಾದ ಪೋಸ್ಟರು ಕಂಡರೆ ಆ ಹುಡುಗಿಯ ಮುಖವೇ ಕಂಡಂತಾಗುತ್ತಿತ್ತು. ಅಂಥ ಸಿನಿಮಾಗಳನ್ನು ನಾನು ಮೊದಲೇ ಬೈಯುತ್ತಿದ್ದೆ, ಈಗ ಎರಡು ಪಟ್ಟು ಬೈಯತೊಡಗಿದೆ. ಎಷ್ಟು ಸಿನಿಮಾದ ಮೇಲೆ, ಎಷ್ಟು ಅವಳ ಮೇಲೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮೂರಿನ ಥಿಯೇಟರಿಗೆ ಒಂದು ಚಿಕ್ಕ ಸಿನಿಮಾ ಬಂತು. ಹೊಸಬರೇ ಮಾಡಿದ್ದು. ಒಬ್ಬ ತಾಯಿ, ಒಬ್ಬ ಮಗ, ಒಂದು ಹೋಟೆಲು, ಅಷ್ಟೇ ಕತೆ. ಒಬ್ಬಳೇ ಹೋಗಿ ನೋಡಿ ಬಂದೆ. ಎಷ್ಟೋ ವರ್ಷದ ಮೇಲೆ ಸಿನಿಮಾ ನೋಡಿದಂತಾಗಿತ್ತು. ಅಕ್ಕನಿಗೆ ಇದನ್ನು ತೋರಿಸಿಬಿಟ್ಟರೆ ಸಾಕು, ಅವಳು ಮತ್ತೆ ನನ್ನ ಕಡೆಗೆ ಬಂದುಬಿಡುತ್ತಾಳೆ ಅನ್ನಿಸಿತು. ಫೋನ್ ಮಾಡಿ, ಬಲವಂತ ಮಾಡಿ, ಭಾನುವಾರ ಮ್ಯಾಟಿನಿಗೆ ಕರೆಸಿಕೊಂಡೆ. ಸೊಸೆಗೆ ಅವತ್ತು ಪಾರ್ಲರಿನಲ್ಲಿ ಮದುವೆ ಹೆಣ್ಣಿನ ಅಲಂಕಾರ ಇತ್ತು. ಅದನ್ನು ವಿಚಾರಿಸಿಕೊಂಡೇ ಭಾನುವಾರ ಗೊತ್ತು ಮಾಡಿದ್ದೆ.

ಥಿಯೇಟರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಒಳ್ಳೆಯ ಸೀಟು ಹುಡುಕಿ ನಡುವೆ ಕೂತೆವು. ಮೊದಲ ಅರ್ಧ ಗಂಟೆ ಅಕ್ಕ ಕಣ್ಣು ಕೀಲಿಸಿಕೊಂಡು ನೋಡಿದಳು. ಆಮೇಲೆ ಸೆರಗಿನ ಅಂಚು ಸುರುಳಿ ಸುತ್ತುತ್ತಾ ಕೂತಳು. ಜನ ನಕ್ಕಾಗ ನಗಲಿಲ್ಲ. ಒಂದು ಕಡೆ ಯಾರೂ ನಗದಿದ್ದಾಗ ನಕ್ಕಳು. ಕೊನೆಗೆ ತಾಯಿ ಮಗ ಹೋಟೆಲಿನ ಹಿಂಬದಿ ಪಾತ್ರೆ ಉಜ್ಜುತ್ತಾ, ಒಬ್ಬರ ಮುಖ ಒಬ್ಬರು ನೋಡದೆ, ಮೆಲ್ಲಗೆ ಮಾತಾಡಿಕೊಳ್ಳುವ ಸೀನು ಬಂತು. ಎರಡನೆಯ ಸಲ ನೋಡುತ್ತಿದ್ದರೂ ನನ್ನ ಕಣ್ಣು ತುಂಬಿತು. ಅಕ್ಕ ಕೈ ಹಿಡಿಯುತ್ತಾಳೆಂದು ಕಾದೆ. ತಿರುಗಿ ನೋಡಿದರೆ ಅವಳು ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ "ಎಂಗಿತ್ತು?" ಅಂದೆ.

"ಚೆನ್ನಾಗದೆ ಬುಡು."

"ಏನು ಚೆನ್ನಾಗದೆ?"

ಅಕ್ಕ ತಡಬಡಾಯಿಸಿದಳು. "ಪಾತ್ರೆಗೀತ್ರೆ ಎಲ್ಲ ನಿಜವಾದ್ವೇ ಮಡಗವ್ರೆ" ಅಂದಳು.

ನನಗೆ ತಡೆಯಲಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಜನರೆದುರೇ, "ಆ ಹುಡುಗಿ ನಿನ್ನ ರುಚಿನೇ ಕೆಡಿಸ್ಬುಟ್ಟವ್ಳೆ. ಬಾಂಬು ಸಿಡೀದೆ ಇದ್ರೆ ನಿಂಗೆ ಈಗ ಸಿನಿಮಾನೇ ಅಲ್ಲ" ಎಂದೆ. ಗುಂಡ್ಲುಪೇಟೆ ಬಸ್ಸು ಬಂತು, ಅಕ್ಕ ಹತ್ತಿದಳು. ಕಿಟಕಿಯಿಂದ ಕೈ ಬೀಸುವುದು ಅವಳ ಅಭ್ಯಾಸ. ಅವತ್ತು ಬೀಸಲಿಲ್ಲ.

ಕೆಲವು ತಿಂಗಳು ಹೀಗೇ ಕಳೆಯಿತು. ಮತ್ತೊಂದು ಭಾರಿ ಸಿನಿಮಾ ಬಂತು. ಗುಂಡ್ಲುಪೇಟೆಯ ಥಿಯೇಟರಿಗೇ ಹೊಸ ಸೌಂಡು ಹಾಕಿಸಿದ್ದಾರೆ, ಇಲ್ಲೇ ನೋಡುತ್ತೇವೆ ಎಂದು, ಅಕ್ಕನ ಫೋನು ಎತ್ತಿಕೊಂಡ ಸೊಸೆ ಹೇಳಿದಳು. "ನಾನೂ ಬತ್ತೀನಿ" ಅಂದೆ. ಸಿನಿಮಾದ ಆಸೆಗಲ್ಲ. ಇವರಿಬ್ಬರೂ ಕೂತು ಅದೇನು ಸುಖ ಪಡುತ್ತಾರೆ ನೋಡಿಯೇಬಿಡೋಣ ಎಂದು. "ಬನ್ನಿ ಚಿಕ್ಕಮ್ಮ, ನೀವು ಬಂದ್ರೆ ಅತ್ತೆಗೆ ಖುಷಿ" ಅಂದಳು ಹುಡುಗಿ. ಅಕ್ಕನಿಗೆ ಯಾವುದು ಖುಷಿ ಎಂದು ಇವಳು ನನಗೆ ಹೇಳಬೇಕೆ!

ಥಿಯೇಟರಿನ ಮುಂದೆ ಜಾತ್ರೆಯಷ್ಟು ಜನ. ಗಡಿಯಾಚೆಯಿಂದ ತರಕಾರಿಗೆ ಬಂದ ಮಲಯಾಳಿ ಡ್ರೈವರುಗಳೂ ಸಾಲಿನಲ್ಲಿದ್ದರು. ಒಳಗೆ ಹೋದರೆ ನಡುವಿನ ಸೀಟು ಖಾಲಿ ಇರುವಾಗಲೇ ಆ ಹುಡುಗಿ ನಮ್ಮನ್ನು ಮೂಲೆಗೆ ನಡೆಸಿದಳು. ಗೋಡೆಗೆ ಹಾಕಿದ ಕಪ್ಪು ಸ್ಪೀಕರಿನ ಪಕ್ಕಕ್ಕೆ.

"ಅಲ್ಲಿ ಒಳ್ಳೆ ಸೀಟುಗಳು ಖಾಲಿ ಅವಲ್ಲ, ಇಲ್ಲ್ಯಾಕೆ?" ಅಂದೆ.

"ಅತ್ತೆಗೆ ಇಲ್ಲೇ ಸರಿಹೋಗುತ್ತೆ ಚಿಕ್ಕಮ್ಮ" ಎಂದು, ಗೋಡೆಯ ಕಡೆಗೆ ತಾನು ಕೂತು, ಅತ್ತೆಯನ್ನು ತನ್ನ ಎಡಕ್ಕೆ ಕೂರಿಸಿಕೊಂಡಳು. ನಾನು ಅಕ್ಕನ ಈಚೆ ಕೂತೆ.

ಸಿನಿಮಾ ನಾನು ಎಣಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಒಂದು ಹಡಗು ಸುಟ್ಟರು, ಒಂದು ಕೋಟೆ ಸುಟ್ಟರು, ಯಾಕೆ ಸುಟ್ಟರೋ ಗೊತ್ತಾಗಲಿಲ್ಲ. ನನ್ನ ಹಲ್ಲುಗಳೆಲ್ಲ ಅದುರುತ್ತಿದ್ದವು. "ಇದೇನಕ್ಕಾ ಇದು, ಗ್ಯಾರೇಜಿಗೆ ಬಂದಂಗದೆ" ಎಂದು ಅವಳ ಕಿವಿಯಲ್ಲಿ ಅಂದೆ. ಅವಳು ತಿರುಗಲೇ ಇಲ್ಲ. ಇನ್ನೊಮ್ಮೆ ಅಂದೆ. ಆಗಲೂ ಇಲ್ಲ. ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂದು ಮುಖ ಸಿಂಡರಿಸಿ ಅವಳನ್ನೇ ನೋಡುತ್ತಾ ಕೂತೆ. ಆಗ ಕಣ್ಣಿಗೆ ಬಿತ್ತು. ಗದ್ದಲ ನಿಂತು ಯಾರಾದರೂ ಒಂದು ಮಾತಾಡಿದರೆ ಸಾಕು, ಆ ಹುಡುಗಿ ಅಕ್ಕನ ಬಲಗಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದಳು. ಥಿಯೇಟರೆಲ್ಲ ನಕ್ಕು ಮುಗಿಸಿದ ಮೇಲೆ ಅಕ್ಕ ನಗುತ್ತಿದ್ದಳು.

ಇಂಟರ್‌ವೆಲ್ಲಿನಲ್ಲಿ ಅಕ್ಕ ಸೀಟಿನಲ್ಲೇ ಉಳಿದಳು. ಟೀ ತರಲು ಹೋದ ಹುಡುಗಿಯ ಹಿಂದೆ ನಾನೂ ಹೋದೆ.

"ಅಕ್ಕನ ಕಿವಿಗೆ ಏನಾಗದೆ?" ಎಂದು ನೇರವಾಗಿ ಕೇಳಿದೆ.

ಅವಳು ಟೀಗೆ ದುಡ್ಡು ಕೊಟ್ಟು ನನ್ನ ಕಡೆ ತಿರುಗಿದಳು. "ಎಡಗಡೇದು ಪೂರ್ತಿ ಹೋಗಿದೆ ಚಿಕ್ಕಮ್ಮ. ಬಲಗಡೇದು ಅರ್ಧ. ಮೈಸೂರಿನ ಡಾಕ್ಟರಿಗೆ ತೋರಿಸಿ ಮೆಷಿನ್ ಹಾಕಿಸಿದ್ವಿ. ಕುಯ್ ಅಂತದೆ, ತಲೆನೋವು ಬರ್ತದೆ ಅಂತ ತೆಗೆದಿಟ್ಟುಬಿಟ್ರು."

"ನಂಗೆ ಯಾಕೆ ಯಾರೂ ಯೋಳ್ನಿಲ್ಲ?"

"ಅತ್ತೆ ಹೇಳಬೇಡ ಅಂದ್ರು. ತಂಗಿಗೆ ಗೊತ್ತಾದ್ರೆ ಅಯ್ಯೋ ಪಾಪ ಅಂತಳೆ, ಆಮೇಲೆ ಸಿನಿಮಾಗೆ ಕರೆಯೋದನ್ನೇ ಬಿಟ್ಟುಬಿಡ್ತಳೆ ಅಂದ್ರು."

ಇಂಥ ಹೊತ್ತಿನಲ್ಲಿ ಒಡಹುಟ್ಟಿದವಳಿಗೆ ಮೊದಲು ಮರುಕ ಹುಟ್ಟಬೇಕು. ನನಗೆ ಮೊದಲು ಹುಟ್ಟಿದ್ದು ಅದಲ್ಲ. ಅಕ್ಕನ ಗುಟ್ಟು ಇವಳ ಹತ್ತಿರ ಇತ್ತು, ನನ್ನ ಹತ್ತಿರ ಇರಲಿಲ್ಲ ಎಂಬುದೇ ಎದೆಗೆ ಚುಚ್ಚಿತು. ಲಾರಿಗಳ ಸದ್ದಿನ ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಹಾಗಾಗಿ ನನಗೆ ಅನುಮಾನ ಬರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಇವಳೂ ಅದೇ ಮನೆಯಲ್ಲಿ ಇದ್ದವಳು. ಇವಳಿಗೆ ಬಂದಿತ್ತು.

ಟೀ ಲೋಟ ಹಿಡಿದು ಒಳಗೆ ಬಂದವಳೇ, "ನೀನು ಈ ಕಡೆ ಬಾ, ನಾನು ಅಲ್ಲಿ ಕೂತ್ಕತೀನಿ" ಎಂದು ಹುಡುಗಿಯನ್ನು ಈಚೆ ಸರಿಸಿ ಅಕ್ಕನ ಬಲಕ್ಕೆ ಕೂತೆ. ಸ್ಪೀಕರು ನನ್ನ ನೆತ್ತಿಯ ಮೇಲೇ ಇತ್ತು. ಅಕ್ಕ ನನ್ನ ಮುಖ, ಸೊಸೆಯ ಮುಖ ನೋಡಿದಳು. ಗುಟ್ಟು ರಟ್ಟಾಯಿತೆಂದು ತಿಳಿದುಕೊಂಡಳು.

ಸಿನಿಮಾ ಮತ್ತೆ ಶುರುವಾಯಿತು. ಹೀರೋ ಒಂದು ಬಂಡೆ ಹತ್ತಿ ನಿಂತು ಏನೋ ಅಂದ. ಅಕ್ಕ ಕಿವಿ ನನ್ನ ಕಡೆ ತಂದು, "ಏನಂದ?" ಅಂದಳು.

"ನಾನೇ ಬೆಂಕಿ ಅಂದ."

ಇನ್ನೊಂದು ಮಾತಾಡಿದ. "ಈಗ?"

"ನಾನೇ ಬಿರುಗಾಳಿ ಅಂದ."

"ಅಷ್ಟುದ್ದ ಮಾತಾಡ್ದ, ಅಷ್ಟೇನಾ?"

"ಅಷ್ಟೇ ಕಣಕ್ಕಾ. ಅದ್ನೇ ತಿರುಗ್ಸಿ ಮುರುಗ್ಸಿ ಯೋಳ್ತಾವ್ನೆ."

ಇನ್ನೂ ಸ್ವಲ್ಪ ಹೊತ್ತು ಸಹಿಸಿಕೊಂಡಳು. ಒಂದು ಹೆಣ್ಣು ಅಳುತ್ತಾ ಮಾತಾಡುವ ಸೀನು ಬಂದಾಗ ನಾನು "ಬಡ್ಕತಾವ್ಳೆ" ಅಂದೆ. ಅಕ್ಕ ನನ್ನ ತೊಡೆಯ ಮೇಲೆ ಕೈಯಿಟ್ಟು, "ನಿಂಗೆ ಬರಾಕಿಲ್ಲ ಕಣಮ್ಮಿ. ಅವ್ಳು ಕೂತ್ಕಳ್ಳಿ, ಬುಡು" ಅಂದಳು.

ಎದ್ದು ಜಾಗ ಬದಲಾಯಿಸಿದೆ. ಕತ್ತಲಲ್ಲಿ ಆ ಹುಡುಗಿ ನನ್ನ ಮುಂದೆ ಹಾಯುವಾಗ "ಸಾರಿ ಚಿಕ್ಕಮ್ಮ" ಅಂದದ್ದು ಇನ್ನೂ ಕೆಟ್ಟದಾಗಿತ್ತು. ಉಳಿದ ಸಿನಿಮಾ ಪೂರ್ತಿ ನಾನು ಅಕ್ಕನ ಕೇಳದ ಕಿವಿಯ ಪಕ್ಕ ಕೂತು, ಅವಳಾಚೆ ಗುಸುಗುಸು ಪಿಸುಗುಡುವ ಆ ಬಾಯನ್ನೇ ನೋಡಿದೆ. ಪರದೆಯ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ.

ಮನೆಗೆ ಬಂದ ಮೇಲೆ ಹುಡುಗಿ ಪಾರ್ಲರಿಗೆ ಹೋದಳು. ಅಕ್ಕ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದಳು. ನಾನು ಅವಳ ಬಲಕ್ಕೆ ಹೋಗಿ ನಿಂತೆ.

"ನನ್ ಕುಟ್ಟೆ ಯೋಳ್ಬೋದಿತ್ತು" ಅಂದೆ.

"ಯೋಳಿದ್ರೆ ಏನು ಮಾಡ್ತಿದ್ದೆ?" ಅಂದಳು. ಕೈಲಿದ್ದ ಸೀರೆ ಕೊಡವಿದಳು. ಅವಳೇ ಮುಂದುವರಿಸಿದಳು. "ನೀನು ತೋರ್ಸಿದ್ಯಲ್ಲ ಓಟ್ಲು ಸಿನಿಮಾ, ಅದ್ರಲ್ಲಿ ಎಲ್ರೂ ಗುಟ್ಟಾಗಿ ಮಾತಾಡ್ತರೆ. ನಿಂಗೆ ಒಳ್ಳೆ ಸಿನಿಮಾ. ನಂಗೆ ಬಾಯಿ ಆಡ್ಸದು ಮಾತ್ರ ಕಾಣ್ತದೆ. ಈ ದೊಡ್ಡ ಸಿನಿಮಾದಲ್ಲಿ ಕುರ್ಚಿ ಅದುರ್ತದೆ ನೋಡು, ಎದೆ ಒಳಕ್ಕೇ ಬತ್ತದೆ. ಥಿಯೇಟ್ರಿಗೆ ಬಂದಿವ್ನಿ ಅನ್ನುಸ್ತದೆ. ಮಿಕ್ಕಿದ್ದ ಅವ್ಳು ಯೋಳ್ತಳೆ."

ಅವಳ ಕೈಯಿಂದ ಒಂದು ಲಂಗ ತೆಗೆದುಕೊಂಡು ನಾನೂ ಮಡಚಿದೆ. ಆಗ ಅಳು ಬಂತು. ಆ ದೊಡ್ಡ ಸಿನಿಮಾ ಒಳ್ಳೆಯದೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಇಲ್ಲ. ಅಷ್ಟು ದುಡ್ಡು ಸುರಿದವರು ಒಂದು ಮನೆ, ಒಂದು ಮಾತು ಸರಿಯಾಗಿ ತೋರಿಸಬಾರದೆ ಎಂಬ ಕೋಪ ಹಾಗೇ ಇದೆ. ಆದರೆ ಆ ಕೋಪವನ್ನು ಅಕ್ಕನ ಮುಂದೆ ಆಡುವುದನ್ನು ಬಿಟ್ಟೆ.

ಆಮೇಲೆ ಹುಡುಗಿ ಬಸುರಿಯಾದಳು. ಏಳನೇ ತಿಂಗಳಿಗೆ ತಾಳವಾಡಿಗೆ ಕರೆದುಕೊಂಡು ಹೋದರು. ಅವಳು ಹೋದ ಮೇಲೆ ಮತ್ತೊಂದು ಭಾರಿ ಸಿನಿಮಾ ಬಂತು. ನಾನು ಕಾಯುತ್ತಿದ್ದೆ ಎಂದರೆ ಸುಳ್ಳಲ್ಲ. "ಈ ಸಲ ನೆಟ್ಟಗೆ ಯೋಳ್ತೀನಿ, ನಡಿ" ಎಂದು ಅಕ್ಕನನ್ನು ಹೊರಡಿಸಿದೆ. ಗುಂಡ್ಲುಪೇಟೆಯ ಅದೇ ಥಿಯೇಟರು, ಗೋಡೆಯ ಪಕ್ಕ.

ನಿಜವಾಗಿಯೂ ನೆಟ್ಟಗೆ ಹೇಳಬೇಕೆಂದೇ ಕೂತಿದ್ದೆ. ಆದರೆ ಪರದೆಯ ಮೇಲಿನ ಮಾತು ಅದೇ ಬೆಂಕಿ, ಅದೇ ಬಿರುಗಾಳಿ, ಅದೇ ಸಿಂಹ. ಅಕ್ಕನ ಕಿವಿ ನನ್ನ ತುಟಿಯ ಹತ್ತಿರ ಕಾಯುತ್ತಿತ್ತು. ತಾಯಿಯ ಪಾತ್ರ ಬಾಗಿಲಲ್ಲಿ ನಿಂತು ಹೀರೋನನ್ನು ಸುಮ್ಮನೆ ನೋಡಿದಳು. "ಏನಂದ್ಲು?" ಅಂದಳು ಅಕ್ಕ. ಅವಳು ಏನೂ ಅಂದಿರಲಿಲ್ಲ.

"ಉಂಡ್ಯಾ ಮಗಾ ಅಂದ್ಲು" ಅಂದೆ.

ಅಕ್ಕ ತಲೆಯಾಡಿಸಿದಳು. ನನಗೆ ಧೈರ್ಯ ಬಂತು. ವಿಲನ್ನು ಬಂದು ಅಬ್ಬರಿಸಿದ. ಅವನು ಯಾರು, ಯಾಕೆ ಬಂದ ಎಂದು ಸಿನಿಮಾದವರು ಹೇಳಿರಲಿಲ್ಲ. "ಇವ್ನು ಹೀರೋಗೆ ಅಣ್ಣನಂತೆ ಕಣಕ್ಕಾ" ಅಂದೆ. "ಅವ್ವ ಚಿಕ್ಕೋನ್ನೇ ಹೆಚ್ಚಾಗಿ ಮುದ್ದು ಮಾಡ್ತಿದ್ಲಂತೆ. ಅದ್ಕೆ ಮನೆ ಬುಟ್ಟು ಓಗವ್ನೆ." ಅಲ್ಲಿಂದ ಮುಂದೆ ನಿಲ್ಲಿಸಲಾಗಲಿಲ್ಲ. ಅವರು ಕತ್ತಿ ಎತ್ತಿದಾಗಲೆಲ್ಲ ಹಳೆಯ ಮನೆಯ ಮಾತು ಎತ್ತಿಸಿದೆ. ಹಡಗಿನ ಮೇಲೆ ಹೊಡೆದಾಡುವಾಗ ಅಣ್ಣ, "ನಿಂಗೆ ಮಾತ್ರ ಬೆಣ್ಣೆ ಇಕ್ತಿದ್ಲು" ಎಂದು ಕೂಗಿದ. ಕೊನೆಗೆ ವಿಲನ್ನು ಸಾಯುವಾಗ ಬಾಯಿ ಪಟಪಟ ಅಂದಿತು, ಮೇಲೆ ಡೋಲು. "ಅವ್ವನ್ನ ನಾನೂ ಕೇಳ್ದೆ ಅಂತ ಯೋಳು ಅಂದ" ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ನನ್ನ ಕೈ ಹಿಡಿದುಕೊಂಡು. ಹಿಂದಿನ ಸಾಲಿನ ಹುಡುಗರು ವಿಲನ್ನು ಸತ್ತದ್ದಕ್ಕೆ ಸಿಳ್ಳೆ ಹೊಡೆಯುತ್ತಿದ್ದರು.

ತಾಳವಾಡಿಯಲ್ಲಿ ಹೆಣ್ಣು ಮಗು ಹುಟ್ಟಿತು. ಕೆಲವು ವಾರ ಬಿಟ್ಟು ಹುಡುಗಿಯಿಂದ ನನಗೆ ಫೋನ್ ಬಂತು. ಅವಳಾಗಿ ನನಗೆ ಫೋನ್ ಮಾಡುವವಳಲ್ಲ.

"ಚಿಕ್ಕಮ್ಮ, ಆ ಸಿನಿಮಾ ಮೊಬೈಲಿಗೆ ಬಂತು, ಪಾಪು ಮಲಗಿಸ್ಕೊಂಡು ನೋಡ್ದೆ" ಅಂದಳು. "ಅತ್ತೆ ಹೇಳಿದ ಕತೆ ಕೇಳಿ ಆಸೆಯಾಗಿತ್ತು. ಅಣ್ಣ ತಮ್ಮ ಅಂತ ಎಲ್ಲಿ ಬರುತ್ತೆ? ಬೆಣ್ಣೆ ವಿಷಯ ಎಲ್ಲೂ ಬರಲೇ ಇಲ್ಲವಲ್ಲ?"

"ಮಧ್ಯ ನಿದ್ದೆ ಮಾಡ್ಬುಟ್ಟಿರ್ತೀಯ" ಅಂದೆ.

"ಎರಡು ಸಲ ನೋಡ್ದೆ ಚಿಕ್ಕಮ್ಮ."

ಮಗು ಕುಂಯ್ ಎಂದದ್ದು ಕೇಳಿಸಿತು.

"ಇಷ್ಟು ದಿನ ನಾನು ಹೇಳಿದ ಯಾವ ಸಿನಿಮಾಕ್ಕೂ ಅತ್ತೆ ಹಾಗೆ ಅತ್ತಿಲ್ಲ" ಅಂದಳು. "ಬರೋ ಸಿನಿಮಾಗೂ ಚಿಕ್ಕಮ್ಮನೇ ಪಕ್ಕ ಕೂತ್ಕೊಳ್ಳಲಿ ಅಂತಾ ಇದ್ರು."

ಅವಳ ದನಿಯಲ್ಲಿ ಒಂದು ಸಣ್ಣ ಕೊಂಕಿತ್ತು. ಆ ಕೊಂಕು ಎಂಥದ್ದು, ಹೊಟ್ಟೆಯ ಯಾವ ಭಾಗದಿಂದ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಣಂತಿ ಹುಡುಗಿ, ನಾನು ಹಿರಿಯಳು, ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ಹೇಳಲಿಲ್ಲ. ಒಳಗೊಳಗೇ ಹಿಗ್ಗಿದೆ.

"ನಾನು ಬಂದ ಮೇಲೆ ನಾನೇ ಬಲಗಡೆ ಕೂತ್ಕೋತೀನಿ ಚಿಕ್ಕಮ್ಮ" ಅಂದಳು.

"ಮಗೀಗೆ ಮೊದ್ಲು ಕತ್ತು ನಿಲ್ಲಲಿ, ಆಮೇಲೆ ನೋಡನ" ಅಂದು ಫೋನಿಟ್ಟೆ.